ವಿದ್ಯುತ್ ಕಾರಿನ ಬುತ್ತಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹಸಿರು ನೋಂದಣಿ ಫಲಕವನ್ನು ಹೊತ್ತ ವಿದ್ಯುತ್ ಕಾರುಗಳು ಈಗ ಅಪೂರ್ವ ವಸ್ತುಗಳಾಗಿ ಉಳಿದಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವವರಾಗಲಿ, ಬಸ್ ನಿಲ್ದಾಣದಲ್ಲಿ ಕಾದು ನಿಂತವರಾಗಲಿ, ಕೈಗಾರಿಕಾ ವಸಾಹತಿನ ಕೆಲಸಗಾರರಾಗಲಿ ಅವನ್ನು ಕಂಡು ಬೆರಗಾಗುವುದಿಲ್ಲ. ವಿದ್ಯುತ್ ಮೋಟಾರು ಈ ರಸ್ತೆಗೆ ಹೊಸತೂ ಅಲ್ಲ. ಕಿರ್ಲೋಸ್ಕರ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆ ಇದೇ ರಸ್ತೆಯಲ್ಲಿದೆ. ಆದರೂ ಇಂಥ ಕಾರನ್ನು ಕೊಂಡವರನ್ನು ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ ಮಾತ್ರ ಬದಲಾಗಿಲ್ಲ: “ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟ ಕಿಲೋಮೀಟರ್ ಓಡತೈತ್ರಿ?”

ಪ್ರಶ್ನೆ ಸಹಜವಾದುದು, ಆದರೆ ಅಪೂರ್ಣವಾದುದು. ಒಂದು ಚೀಲ ಜೋಳ ಎಷ್ಟು ದಿನಕ್ಕೆ ಬಂದೀತೆಂದು ಯಾರಾದರೂ ಕೇಳಿದರೆ, ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿಯೆಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳುವವರು ಇಲ್ಲ. ವಿದ್ಯುತ್ ಕಾರಿನ ವಿಷಯದಲ್ಲಿ ನಾವು ಆ ಮರುಪ್ರಶ್ನೆಯನ್ನು ಹಾಕುವುದನ್ನು ಇನ್ನೂ ಕಲಿತಿಲ್ಲ. ಯಾವ ರಸ್ತೆ? ಎಷ್ಟು ವೇಗ? ಏರು ಎಷ್ಟು, ಇಳಿತ ಎಷ್ಟು? ಎದುರುಗಾಳಿ ಇದೆಯೆ? ಇವನ್ನು ಕೇಳದೆ ಪಡೆದ ಉತ್ತರವನ್ನು ನಂಬಿ ಹೊರಟವನು ದಾರಿಯಲ್ಲಿ ನಿಲ್ಲಬಹುದು. ಅದನ್ನು ನಂಬಲಾರದವನು ಹೊರಡದೆಯೇ ಉಳಿಯಬಹುದು. ವಿದ್ಯುತ್ ಕಾರಿನ ಪಯಣವನ್ನು ಕಿಲೋಮೀಟರಿನಲ್ಲಲ್ಲ, ಯೂನಿಟ್ಟಿನಲ್ಲಿ ಲೆಕ್ಕ ಹಾಕಬೇಕು. ಪ್ರಯಾಣಿಕರು ಮಾತ್ರವಲ್ಲ, ಹೆದ್ದಾರಿಗಳಲ್ಲಿ ಚಾರ್ಜಿಂಗ್ ಕೇಂದ್ರಗಳ ಜಾಗವನ್ನು ನಿರ್ಣಯಿಸುವವರೂ ಹಾಗೆಯೇ ಲೆಕ್ಕ ಹಾಕಬೇಕು. ಇದು ನಮ್ಮ ಅಭಿಪ್ರಾಯ. ಇದಕ್ಕೆ ಬೇಕಾಗುವ ವಿದ್ಯೆಯೆಲ್ಲ ಪದವಿಪೂರ್ವ ತರಗತಿಯ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ.

ದಾರಿಗೆ ಬುತ್ತಿ ಕಟ್ಟಿಕೊಳ್ಳುವ ಈ ಚಿಂತೆ ವಿದ್ಯುತ್ ಕಾರಿನಿಂದ ಹುಟ್ಟಿದ್ದೆಂದು ಭಾವಿಸಬಾರದು. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬ ಮಹಿಳೆ ತನ್ನ ಪತಿ ಕಾರ್ಲ್ ಬೆಂಜ್ ರಚಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ದೂರ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಸರಿಸುಮಾರು ನಮ್ಮ ಹುಬ್ಬಳ್ಳಿಯಿಂದ ಬೆಳಗಾವಿಗೆ ಇರುವಷ್ಟು. ಆಗ ಪೆಟ್ರೋಲ್ ಬಂಕ್ ಎಂಬುದು ಎಲ್ಲಿಯೂ ಇರಲಿಲ್ಲ. ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಬಳಸುತ್ತಿದ್ದ ಲಿಗ್ರಾಯಿನ್ ಎಂಬ ದ್ರವವನ್ನು ಕೊಂಡು ಅವಳು ಎಂಜಿನ್ನಿಗೆ ಹಾಕಿದಳು. ಏರು ಬಂದಲ್ಲಿ ಮಕ್ಕಳು ಇಳಿದು ಗಾಡಿಯನ್ನು ತಳ್ಳಿದರು. ಜಗತ್ತಿನ ಮೊದಲ ದೂರ ಪ್ರಯಾಣದ ಮೋಟಾರು ಗಾಡಿಯೂ ಇಂಧನವೆಲ್ಲಿ, ಏರೆಲ್ಲಿ ಎಂಬ ಎರಡು ಪ್ರಶ್ನೆಗಳನ್ನು ಎದುರಿಸಿಯೇ ಮುಂದೆ ಸಾಗಿತು. ಮುಂದೆ ಬಂಕುಗಳು ಊರೂರಿಗೆ ಬಂದವು. ನಾವು ಆ ಪ್ರಶ್ನೆಗಳನ್ನು ಮರೆತೆವು.

ಮರೆಯಲು ಇನ್ನೊಂದು ಕಾರಣವೂ ಉಂಟು. ಪೆಟ್ರೋಲು ಅತ್ಯಂತ ಸಾಂದ್ರವಾದ ಬುತ್ತಿ. ಒಂದು ಲೀಟರ್ ಪೆಟ್ರೋಲನ್ನು ಉರಿಸಿದಾಗ ಸುಮಾರು 32 ಮೆಗಾಜೂಲ್ ಶಕ್ತಿ ಹೊರಬರುತ್ತದೆ. ನಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್, ಅಂದರೆ ಒಂದು ಕಿಲೋವ್ಯಾಟ್-ಗಂಟೆ, 3.6 ಮೆಗಾಜೂಲಿಗೆ ಸಮ. ಆದುದರಿಂದ ಒಂದು ಲೀಟರಿನಲ್ಲಿ ಸುಮಾರು 9 ಯೂನಿಟ್ ಅಡಗಿದೆ. 30 ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿರುವ ಶಕ್ತಿ ಮೂರೂವರೆ ಲೀಟರ್ ಪೆಟ್ರೋಲಿನದಕ್ಕಿಂತ ಹೆಚ್ಚಲ್ಲ! ಆ ಪೆಟ್ರೋಲಿನ ತೂಕ ಎರಡೂವರೆ ಕಿಲೋಗ್ರಾಂ. ಬ್ಯಾಟರಿಯ ತೂಕವಾದರೋ ಇನ್ನೂರು ಕಿಲೋಗ್ರಾಮಿಗೆ ಕಡಿಮೆಯಿಲ್ಲ. ಹೀಗಿದ್ದೂ ವಿದ್ಯುತ್ ಕಾರು ಆ ಅಲ್ಪ ಶಕ್ತಿಯಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಓಡುವುದು ಹೇಗೆ? ಪೆಟ್ರೋಲ್ ಎಂಜಿನ್ನು ತನಗೆ ದೊರೆತ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಶಾಖವಾಗಿ ಹೊರಗೆ ಚೆಲ್ಲುತ್ತದೆ; ವಿದ್ಯುತ್ ಮೋಟಾರು ಬಹುಪಾಲನ್ನು ಚಕ್ರಕ್ಕೆ ತಲುಪಿಸುತ್ತದೆ. ಒಂದು ದುಂದುಗಾರನ ಕೈಯ ದೊಡ್ಡ ಗಂಟು, ಇನ್ನೊಂದು ಮಿತವ್ಯಯಿಯ ಕೈಯ ಸಣ್ಣ ಗಂಟು. ದುಂದುಗಾರನಿಗೆ ಲೆಕ್ಕ ಬೇಕಾಗಿರಲಿಲ್ಲ; ಮಿತವ್ಯಯಿಗೆ ಲೆಕ್ಕವೇ ಜೀವ.

ಗಂಟನ್ನು ತುಂಬುವ ವೇಗದಲ್ಲಿಯೂ ಇದೇ ಅಂತರವಿದೆ. ಬಂಕಿನಲ್ಲಿ ಎರಡು ನಿಮಿಷಕ್ಕೆ 30 ಲೀಟರ್ ಪೆಟ್ರೋಲ್ ತುಂಬಿದರೆ, ಆ ಕೊಳವೆಯ ಮೂಲಕ ಸೆಕೆಂಡಿಗೆ 8 ಮೆಗಾಜೂಲ್ ಶಕ್ತಿ, ಎಂದರೆ 8,000 ಕಿಲೋವ್ಯಾಟ್, ಹರಿದಂತಾಯಿತು. ಮನೆಯ 15 ಆಂಪಿಯರಿನ ಸಾಕೆಟ್ಟು ಕೊಡಬಲ್ಲದ್ದು ಸುಮಾರು 3 ಕಿಲೋವ್ಯಾಟ್. ಹೆದ್ದಾರಿಯ ಸಾಮಾನ್ಯ ಶೀಘ್ರ ಚಾರ್ಜರು 30 ಕಿಲೋವ್ಯಾಟಿನಿಂದ ಮೇಲಕ್ಕೆ. ಆದುದರಿಂದ ವಿದ್ಯುತ್ ಕಾರು ಪೆಟ್ರೋಲ್ ಕಾರಿನ ಹಾಗೆ “ಖಾಲಿಯಾದಾಗ ತುಂಬಿಸಿಕೊಳ್ಳೋಣ” ಎಂಬ ಸ್ವಭಾವದ್ದಲ್ಲ. “ನಿಂತಾಗಲೆಲ್ಲ ತುಂಬಿಸಿಕೊಳ್ಳೋಣ” ಎಂಬ ಸ್ವಭಾವದ್ದು.

ಇನ್ನು ಲೆಕ್ಕಕ್ಕೆ ಬರೋಣ. ಗೋಕುಲ ರಸ್ತೆಯಿಂದ ಬೆಳಗಾವಿಗೆ ಧಾರವಾಡ, ಕಿತ್ತೂರುಗಳ ಮಾರ್ಗವಾಗಿ ಸುಮಾರು 100 ಕಿಲೋಮೀಟರು. ಹೋಗಿ ಬರಲು 200. ನಾಲ್ಕು ಜನರೂ ಅವರ ಸಾಮಾನೂ ಸೇರಿ 1,700 ಕಿಲೋಗ್ರಾಂ ತೂಗುವ, 30 ಯೂನಿಟ್ ಬ್ಯಾಟರಿಯುಳ್ಳ ಕಾರನ್ನು ಊಹಿಸಿಕೊಳ್ಳಿರಿ. ಸಮತಟ್ಟಾದ ದಾರಿಯಲ್ಲಿ ಅದನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು.

ಮೊದಲನೆಯದು ಉರುಳುವ ಚಕ್ರದ ಘರ್ಷಣೆ. ಒಳ್ಳೆಯ ರಸ್ತೆಯಲ್ಲಿ ಇದು ಕಾರಿನ ಭಾರದ ನೂರರಲ್ಲೊಂದು ಪಾಲಿನಷ್ಟು: ಸುಮಾರು 167 ನ್ಯೂಟನ್. ವೇಗ ಹೆಚ್ಚಲಿ, ಕಡಿಮೆಯಾಗಲಿ, ಇದು ಹೆಚ್ಚು ಬದಲಾಗುವುದಿಲ್ಲ. ಎರಡನೆಯದು ಗಾಳಿಯ ತಡೆ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನಮ್ಮ ಕಾರಿನ ಆಕಾರಕ್ಕೂ ಹುಬ್ಬಳ್ಳಿಯ ಎತ್ತರದಲ್ಲಿರುವ ಗಾಳಿಯ ಸಾಂದ್ರತೆಗೂ ಹೊಂದುವಂತೆ ಲೆಕ್ಕ ಹಾಕಿದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಈ ತಡೆ 122 ನ್ಯೂಟನ್, 80ರಲ್ಲಿ 217, 100ರಲ್ಲಿ 340. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ ದೊರೆಯುತ್ತದೆ. ಬ್ಯಾಟರಿಯಿಂದ ಚಕ್ರದವರೆಗೆ ನೂರಕ್ಕೆ 85ರಷ್ಟು ತಲುಪುತ್ತದೆಂದೂ, ಹವಾನಿಯಂತ್ರಣ ಯಂತ್ರ ಮೊದಲಾದುವು ಒಂದು ಕಿಲೋವ್ಯಾಟ್ ಬಳಸುತ್ತವೆಂದೂ ಇಟ್ಟುಕೊಂಡರೆ, ಬೆಳಗಾವಿಯವರೆಗಿನ 100 ಕಿಲೋಮೀಟರಿಗೆ ತಗಲುವ ಖರ್ಚು ಹೀಗಿರುತ್ತದೆ: 60ರ ವೇಗದಲ್ಲಿ 11 ಯೂನಿಟ್, 80ರಲ್ಲಿ 14, 100ರಲ್ಲಿ ಹದಿನೇಳೂವರೆ. ಬೆಳಗಾವಿ ಹುಬ್ಬಳ್ಳಿಗಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ. ಆ ಏರಿಕೆಗೆ ಸುಮಾರು ಅರ್ಧ ಯೂನಿಟ್ ಬೇಕು. ಹಿಂದಿರುಗುವಾಗ ಅದರ ಬಹುಪಾಲು ಮರಳಿ ದೊರೆಯುವುದರಿಂದ ಸದ್ಯಕ್ಕೆ ಬಿಟ್ಟುಬಿಡಬಹುದು.

ಹೋಗಿ ಬರುವ ಖರ್ಚು ಹಾಗಾದರೆ 22, 28 ಅಥವಾ 35 ಯೂನಿಟ್. ಕಾರು ಅದೇ, ಬ್ಯಾಟರಿ ಅದೇ, ದಾರಿಯೂ ಅದೇ. ಆದರೆ ಒಬ್ಬ ಚಾಲಕ ಎಂಟು ಯೂನಿಟ್ ಉಳಿಸಿಕೊಂಡು ಮನೆ ಸೇರುತ್ತಾನೆ. ಇನ್ನೊಬ್ಬ ಎರಡೇ ಯೂನಿಟ್ಟಿನೊಡನೆ, ಎದೆ ಹೊಡೆದುಕೊಳ್ಳುತ್ತ ಬರುತ್ತಾನೆ. ಮೂರನೆಯವನು ಬರುವುದೇ ಇಲ್ಲ. “ಎಷ್ಟು ಕಿಲೋಮೀಟರ್ ಓಡುತ್ತದೆ” ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? 60ರ ವೇಗದಲ್ಲಿ ಬೆಳಗಾವಿಗೆ 100 ನಿಮಿಷ, 80ರಲ್ಲಿ 75, 100ರಲ್ಲಿ 60. 80ರಿಂದ 100ಕ್ಕೆ ವೇಗವನ್ನು ಏರಿಸಿ ಎರಡೂ ಕಡೆ ಸೇರಿ ಉಳಿಸಿದ ಅರ್ಧ ಗಂಟೆಗಾಗಿ ಏಳು ಯೂನಿಟ್ ಹೆಚ್ಚು ತೆರಬೇಕು. ಆ ಏಳು ಯೂನಿಟ್ ತುಂಬಲು 30 ಕಿಲೋವ್ಯಾಟಿನ ಚಾರ್ಜರಿನ ಮುಂದೆ ಕಾಲು ಗಂಟೆ ನಿಲ್ಲಬೇಕು. ಸರದಿ ಇದ್ದರೆ ಇನ್ನೂ ಹೆಚ್ಚು. ಉಳಿಸಿದ ಸಮಯ ಎಲ್ಲಿ ಹೋಯಿತು?

ತಯಾರಕರು ಹೇಳುವ ಸಂಖ್ಯೆ ಸುಳ್ಳೇ ಹಾಗಾದರೆ? ಸುಳ್ಳಲ್ಲ. 2020ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿಗೆ 30.2 ಯೂನಿಟ್ಟಿನ ಬ್ಯಾಟರಿಯಿತ್ತು. ಅದರ ಪ್ರಮಾಣಿತ ದೂರ 312 ಕಿಲೋಮೀಟರ್. ಭಾಗಿಸಿ ನೋಡಿದರೆ ಕಿಲೋಮೀಟರಿಗೆ 97 ವ್ಯಾಟ್-ಗಂಟೆಯಾಗುತ್ತದೆ. ನಮ್ಮ ಲೆಕ್ಕದ ಕಾರು ಹವಾನಿಯಂತ್ರಣವಿಲ್ಲದೆ 60ರ ವೇಗದಲ್ಲಿ ಬಳಸುವುದು 94. ಎರಡೂ ಹೆಚ್ಚು ದೂರವಿಲ್ಲ. ಪ್ರಮಾಣೀಕರಣದ ಪರೀಕ್ಷೆ ನಿಯಂತ್ರಿತ ಪರಿಸ್ಥಿತಿಯಲ್ಲಿ ನಡೆಯುತ್ತದೆ. ಅದರಲ್ಲಿ ವೇಗ ಒಮ್ಮೆಯೂ 90ನ್ನು ಮೀರುವುದಿಲ್ಲ, ಬಹು ಹೊತ್ತು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಆ ಸಂಖ್ಯೆ ಉಪಯುಕ್ತ. ಅದನ್ನು ಹೆದ್ದಾರಿಯ ವಾಗ್ದಾನವೆಂದು ಓದಿದರೆ ತಪ್ಪು ಓದಿದವರದು.

ಗಾಳಿಯ ವಿಷಯದಲ್ಲಿ ಇನ್ನೊಂದು ಮಾತು. ಆಷಾಢದಲ್ಲಿ ಧಾರವಾಡದಾಚೆಯ ಬಯಲಿನಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆಂಬುದು ಆ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಲ್ಲ. 80ರ ವೇಗದಲ್ಲಿ ಹೋಗುವ ಕಾರಿಗೆ ಗಂಟೆಗೆ 20 ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ, ಗಾಳಿಯ ಪಾಲಿಗೆ ಆ ಕಾರು 100ರ ವೇಗದಲ್ಲಿರುತ್ತದೆ. ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗೆ ಬರುತ್ತದಲ್ಲ, ಲೆಕ್ಕ ಸರಿಹೋಗುವುದಿಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಸರಿಹೋಗುವುದಿಲ್ಲ. 100ರ ವರ್ಗವೂ 60ರ ವರ್ಗವೂ ಕೂಡಿದರೆ 13,600; 80ರ ವರ್ಗದ ಇಮ್ಮಡಿ 12,800 ಮಾತ್ರ. ಹೋಗುವಾಗ ಕಳೆದುಕೊಂಡುದನ್ನು ಬರುವಾಗ ಪೂರ್ತಿ ಪಡೆಯಲಾಗದು.

ಬೆಳಗಾವಿಯ ದಾರಿ ಹೀಗೆ ವೇಗದ ಪಾಠವನ್ನು ಕಲಿಸುತ್ತದೆ. ಎತ್ತರದ ಪಾಠಕ್ಕೆ ಅದೇ ಹುಬ್ಬಳ್ಳಿಯಿಂದ ಹೊರಡುವ ಇನ್ನೊಂದು ದಾರಿಯನ್ನು ಹಿಡಿಯಬೇಕು: ಕಲಘಟಗಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಕಡಲತೀರಕ್ಕೆ ಹೋಗುವ ದಾರಿ. ದೂರ ಸುಮಾರು 130 ಕಿಲೋಮೀಟರ್. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಮೇಲಿದೆ. 1,700 ಕಿಲೋಗ್ರಾಮಿನ ಕಾರನ್ನು 650 ಮೀಟರ್ ಎತ್ತಲು ಬೇಕಾಗುವ ಸ್ಥಿತಿಶಕ್ತಿ, ದ್ರವ್ಯರಾಶಿಯನ್ನು 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ, ಸುಮಾರು 10.8 ಮೆಗಾಜೂಲ್, ಸರಿಯಾಗಿ ಮೂರು ಯೂನಿಟ್.

ಇಳಿಯುವಾಗ ವಿದ್ಯುತ್ ಕಾರಿನ ಮೋಟಾರು ಡೈನಮೋ ಆಗಿ ಕೆಲಸ ಮಾಡಿ, ಬ್ರೇಕಿನಲ್ಲಿ ಶಾಖವಾಗಿ ಹೋಗಬೇಕಾದ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಪೆಟ್ರೋಲ್ ಕಾರಿಗೆ ಇಲ್ಲದ ಭಾಗ್ಯವಿದು. ಯಾವ ಕಾರೂ ಘಟ್ಟ ಇಳಿದು ಟ್ಯಾಂಕಿನಲ್ಲಿ ಪೆಟ್ರೋಲ್ ಹೆಚ್ಚಿಸಿಕೊಂಡುದಿಲ್ಲ. ಆದರೆ ಮೂರರಲ್ಲಿ ಎರಡು ಯೂನಿಟ್ ಕೈಗೆ ಬಂದರೆ ಪುಣ್ಯ. ಹತ್ತುವಾಗಲಾದರೋ ಮೂರು ಯೂನಿಟ್ ಸಾಲದು. ನಷ್ಟವೂ ಸೇರಿ ಮೂರೂವರೆ ಬೇಕು. 60ರ ವೇಗದಲ್ಲಿ 130 ಕಿಲೋಮೀಟರಿನ ಸಮತಟ್ಟು ದಾರಿಗೆ 14.4 ಯೂನಿಟ್ ಬೇಕಾಗುತ್ತಿತ್ತು. ಆದುದರಿಂದ ಅಂಕೋಲೆಗೆ ಇಳಿಯಲು ಸುಮಾರು 12.4; ಅಂಕೋಲೆಯಿಂದ ಏರಿ ಬರಲು ಸುಮಾರು 18. ಒಂದೇ ರಸ್ತೆ, ಮೈಲಿಗಲ್ಲುಗಳೂ ಅವೇ. ಆದರೆ ಶಕ್ತಿಯ ಅಳತೆಯಲ್ಲಿ ಬರುವ ದಾರಿ ಹೋಗುವ ದಾರಿಗಿಂತ ಒಂದೂವರೆಯಷ್ಟು ಉದ್ದ.

ಇದರ ಪರಿಣಾಮವನ್ನು ಯೋಚಿಸಿರಿ. 30 ಯೂನಿಟ್ ತುಂಬಿಕೊಂಡು ಹೊರಟ ಕುಟುಂಬವೊಂದು 17.6 ಯೂನಿಟ್ ಉಳಿಸಿಕೊಂಡು ಅಂಕೋಲೆಯನ್ನು ಸೇರುತ್ತದೆ. ಅಲ್ಲಿ ಇಪ್ಪತ್ತು ಕಿಲೋಮೀಟರ್ ಸುತ್ತಾಡಿ ಎರಡು ಯೂನಿಟ್ ಕಳೆಯುತ್ತದೆ. ಸಂಜೆ ಕಾರಿನ ಸೂಚಕ ಫಲಕವನ್ನು ನೋಡಿದರೆ ಏನು ಕಂಡೀತು? ಹಿಂದಿನ ಖರ್ಚಿನ ಸರಾಸರಿಯನ್ನು ಹಿಡಿದು ಮುಂದಿನದನ್ನು ಅಂದಾಜು ಮಾಡುವ ಸೂಚಕವಾದರೆ, ಇನ್ನೂ 160 ಕಿಲೋಮೀಟರ್ ಹೋಗಬಹುದೆಂದು ತೋರಿಸುತ್ತದೆ. ಹುಬ್ಬಳ್ಳಿ 130 ಕಿಲೋಮೀಟರ್. ಮೂವತ್ತು ಕಿಲೋಮೀಟರ್ ಉಳಿತಾಯವಿದೆಯೆಂದು ನಿಶ್ಚಿಂತೆಯಿಂದ ಹೊರಟವರು, ಘಟ್ಟವನ್ನೇರಿ, ಯಲ್ಲಾಪುರದ ಕಾಡನ್ನು ದಾಟಿ, ಕಲಘಟಗಿಯನ್ನೂ ಹಿಂದೆ ಹಾಕಿ, ಹುಬ್ಬಳ್ಳಿ ಇನ್ನು ಸುಮಾರು ಇಪ್ಪತ್ತು ಕಿಲೋಮೀಟರ್ ಇರುವಾಗ ರಾತ್ರಿಯ ಹೊತ್ತು ರಸ್ತೆಯ ಬದಿಯಲ್ಲಿ ನಿಲ್ಲಬೇಕಾಗುತ್ತದೆ. ಮಳೆ ಸುರಿದರೆ ಇನ್ನೂ ಮೊದಲೇ. ಸೂಚಕ ಸುಳ್ಳು ಹೇಳಲಿಲ್ಲ. ಅದು ಕಳೆದ ದಾರಿಯ ಮಾತನ್ನು ಹೇಳಿತು. ಘಟ್ಟ ಮುಂದಿತ್ತು. ಎತ್ತರವನ್ನೂ ಗಣಿಸಿ ಮಾರ್ಗ ಸೂಚಿಸುವ ಸಾಧನಗಳು ಬಂದಿವೆ, ನಿಜ; ಅವುಗಳ ನೆರವನ್ನು ಪಡೆಯಬೇಕು. ಆದರೆ ಯಂತ್ರ ಹೇಳಿದ ಉತ್ತರ ಸಾಧ್ಯವೋ ಅಸಾಧ್ಯವೋ ಎಂದು ತೂಗಿ ನೋಡುವಷ್ಟು ಲೆಕ್ಕ ನಮ್ಮ ಕೈಯಲ್ಲಿಯೂ ಇರಬೇಕಲ್ಲವೆ?

ಯೂನಿಟ್ಟಿನಲ್ಲಿ ಲೆಕ್ಕ ಹಾಕಿದವನಿಗೆ ಈ ಪಯಣದಲ್ಲಿ ಭಯಪಡುವಂಥದು ಏನೂ ಇಲ್ಲ. ಐದು ಯೂನಿಟ್ಟನ್ನು ಮುಟ್ಟಬಾರದ ಗಂಟೆಂದು ತೆಗೆದಿರಿಸೋಣ. ಬರುವ ದಾರಿಗೆ 18, ಗಂಟಿಗೆ 5; ಒಟ್ಟು 23 ಬೇಕು. ಇರುವುದು ಹದಿನೈದೂವರೆ. ಏಳೂವರೆ ಯೂನಿಟ್ ತುಂಬಿಸಿಕೊಂಡರೆ ಸಾಕು. ಶೀಘ್ರ ಚಾರ್ಜರಿನಲ್ಲಿ ಅದು ಕಾಲು ಗಂಟೆಯ ಮಾತು. ಬೆಳಗಾವಿಯ ಪಯಣ ಇನ್ನೂ ಸುಲಭ. 80ರ ವೇಗದಲ್ಲಿ 28 ಯೂನಿಟ್ ಬೇಕು, ಗಂಟೂ ಸೇರಿ 33; ಕೊರತೆ ಮೂರೇ ಯೂನಿಟ್. ಬಂಧುಗಳ ಮನೆಯಲ್ಲಿ ಊಟ ಮಾಡಿ ಎರಡು ಗಂಟೆ ಮಾತಾಡುವಷ್ಟರಲ್ಲಿ, ಭೂಸಂಪರ್ಕ ಸರಿಯಾಗಿರುವ 15 ಆಂಪಿಯರ್ ಸಾಕೆಟ್ಟಿನಿಂದಲೇ ಐದು ಯೂನಿಟ್ ಬ್ಯಾಟರಿಗೆ ಸೇರಿರುತ್ತದೆ. ಶೀಘ್ರ ಚಾರ್ಜರನ್ನು ಹುಡುಕುವ ಅಗತ್ಯವೇ ಇಲ್ಲ.

ಚಾರ್ಜಿಂಗಿನ ಬಗೆಗೂ ತಿಳಿಯಬೇಕಾದ ಕೆಲವು ಸಂಗತಿಗಳಿವೆ. ನಲ್ಲಿಯ ಕೆಳಗಿಟ್ಟ ಕೊಡವನ್ನು ನೋಡಿರಿ. ಮೊದಲು ನಲ್ಲಿಯನ್ನು ಪೂರ್ತಿ ಬಿಡುತ್ತೇವೆ; ನೀರು ಕಂಠಕ್ಕೆ ಬಂದಾಗ ಚೆಲ್ಲದಂತೆ ಸಣ್ಣದು ಮಾಡುತ್ತೇವೆ. ಲಿಥಿಯಂ ಬ್ಯಾಟರಿಯೂ ಹಾಗೆಯೇ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೊಕ್ಕು ಸ್ಥಳ ಹಿಡಿಯಬೇಕು. ಸ್ಥಳಗಳು ತುಂಬುತ್ತ ಬಂದಂತೆ ಅವಸರಪಡಿಸಿದರೆ ಅಯಾನುಗಳು ಒಳಗೆ ಹೋಗದೆ ಮೇಲ್ಮೈಯಲ್ಲಿ ಲೋಹವಾಗಿ ಕೂತು ಬ್ಯಾಟರಿಯನ್ನು ಕೆಡಿಸುತ್ತವೆ. ಆದುದರಿಂದಲೇ ನೂರಕ್ಕೆ ಎಂಬತ್ತು ತುಂಬಿದ ಬಳಿಕ ಕಾರು ತಾನಾಗಿ ಪ್ರವಾಹವನ್ನು ಕಡಿಮೆ ಮಾಡಿಕೊಳ್ಳುತ್ತದೆ. ದಾರಿಯಲ್ಲಿ ಪೂರ್ತಿ ತುಂಬುವವರೆಗೆ ನಿಲ್ಲುವುದು ತನ್ನ ಹೊತ್ತನ್ನೂ ಹಿಂದೆ ನಿಂತವರ ಹೊತ್ತನ್ನೂ ಹಾಳು ಮಾಡಿದಂತೆ. ಪೂರ್ತಿ ತುಂಬಿಸುವುದಕ್ಕೆ ಮನೆಯೇ ತಕ್ಕ ಸ್ಥಳ, ರಾತ್ರಿಯೇ ತಕ್ಕ ವೇಳೆ. ಘಟ್ಟದ ನೆತ್ತಿಯಲ್ಲಿ ನಿಂತು ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಇಳಿಯುವುದಂತೂ ಕೇವಲ ನಷ್ಟ. ತುಂಬಿದ ಕೊಡದೊಳಗೆ ಇಳಿತದ ಶಕ್ತಿ ಎಲ್ಲಿ ಸೇರೀತು? ಎಲ್ಲ ಚಾರ್ಜರೂ ಎಲ್ಲ ಕಾರಿಗೂ ಹೊಂದುವುದಿಲ್ಲ ಎಂಬುದನ್ನೂ ನೆನಪಿಡಬೇಕು. 2017ರ ಭಾರತ್ ಡಿ.ಸಿ.-001 ಮಾದರಿಯ ಜೋಡಣೆ ಒಂದು ತೆರನಾದರೆ, ಇಂದಿನ ಬಹುತೇಕ ಕಾರುಗಳಲ್ಲಿರುವ ಸಿ.ಸಿ.ಎಸ್.-2 ಇನ್ನೊಂದು ತೆರ. ನಂಬಿದ ಕೇಂದ್ರ ಕೆಟ್ಟಿದ್ದರೆ ಅಲ್ಲಿಂದ ಮುಂದಿನದಕ್ಕೆ ಹೋಗುವಷ್ಟು ಯೂನಿಟ್ ಉಳಿದಿರುವಾಗಲೇ ಅಲ್ಲಿಗೆ ತಲುಪಬೇಕು. ಐದು ಯೂನಿಟ್ಟಿನ ಗಂಟು ಇದಕ್ಕಾಗಿಯೇ.

ಇಷ್ಟೆಲ್ಲ ತಾಪತ್ರಯವೇಕೆ, ಇಮ್ಮಡಿ ಬ್ಯಾಟರಿಯ ಕಾರನ್ನು ಕೊಂಡರೆ ಮುಗಿಯಿತಲ್ಲ ಎಂದು ಕೆಲವರು ಹೇಳುತ್ತಾರೆ. ವಾರಕ್ಕೊಮ್ಮೆ ದೂರದ ಊರಿಗೆ ಹೋಗಬೇಕಾದವರಿಗೆ ಅದು ಯುಕ್ತವೇ ಇರಬಹುದು. ಆದರೆ ವರ್ಷಕ್ಕೆ ಮೂರು ಬಾರಿ ಅಂಕೋಲೆಗೆ ಹೋಗುವವನು, ಉಳಿದ ದಿನಗಳಲ್ಲೆಲ್ಲ ಗೋಕುಲ ರಸ್ತೆಯಿಂದ ಪೇಟೆಗೆ ಹೋಗಿ ಬರುವಾಗಲೂ ಇನ್ನೂರು ಕಿಲೋಗ್ರಾಂ ಹೆಚ್ಚಿನ ಭಾರವನ್ನು ಹೊತ್ತು ತಿರುಗಬೇಕು. ಅದರ ಬೆಲೆಯನ್ನು ತೆರಬೇಕು; ಅದಕ್ಕಾಗಿ ಎಲ್ಲಿಯೋ ಭೂಮಿಯನ್ನು ಅಗೆದು ಲಿಥಿಯಮನ್ನೂ ಇತರ ಲೋಹಗಳನ್ನೂ ತೆಗೆಯಬೇಕು. ಐದು ನಿಮಿಷದ ಲೆಕ್ಕವನ್ನು ತಪ್ಪಿಸಿಕೊಳ್ಳಲು ಇಷ್ಟು ದೊಡ್ಡ ಬೆಲೆಯನ್ನು ಕೊಡುವುದು ವಿವೇಕವೆಂದು ನಮಗೆ ತೋರುವುದಿಲ್ಲ.

ಪ್ರಯಾಣಿಕನ ಕರ್ತವ್ಯ ಇಷ್ಟಾಯಿತು. ಸಾರ್ವಜನಿಕ ವ್ಯವಸ್ಥೆಯ ಕರ್ತವ್ಯವೇನು? 2018ರ ಡಿಸೆಂಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ, ಹೆದ್ದಾರಿಗಳ ಎರಡು ಬದಿಗಳಲ್ಲಿಯೂ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಹೇಳಿತು. ಆ ಬಳಿಕ ಬಂದ ಪರಿಷ್ಕರಣಗಳಲ್ಲಿಯೂ ಅಳತೆಗೋಲು ಕಿಲೋಮೀಟರೇ. ಉದ್ದೇಶ ಒಳ್ಳೆಯದು, ಅಳತೆಗೋಲು ಮಾತ್ರ ಪೆಟ್ರೋಲ್ ಕಾಲದ್ದು. ನಮ್ಮ ಕಾರಿಗೆ ಸಮತಟ್ಟು ದಾರಿಯ 25 ಕಿಲೋಮೀಟರಿಗೆ ಬೇಕಾಗುವುದು 2.8 ಯೂನಿಟ್. ಅದೇ 25 ಕಿಲೋಮೀಟರಿನಲ್ಲಿ 500 ಮೀಟರ್ ಏರಿಕೆಯಿದ್ದರೆ ಐದೂವರೆ ಯೂನಿಟ್ ಬೇಕು. ನಕ್ಷೆಯ ಮೇಲೆ ಸಮವಾಗಿ ಚುಕ್ಕೆ ಇಟ್ಟವನಿಗೆ ಈ ಭೇದ ಕಾಣದು. ಕೇಂದ್ರಗಳ ನಡುವಣ ಅಂತರವನ್ನು ಯೂನಿಟ್ಟಿನಲ್ಲಿ ಅಳೆದರೆ ಘಟ್ಟದ ಬುಡದಲ್ಲಿ, ಏರು ತೊಡಗುವ ಮುನ್ನ, ಕೇಂದ್ರವೊಂದು ಇರಲೇಬೇಕೆಂಬುದು ತಾನಾಗಿ ಹೊರಬೀಳುತ್ತದೆ. ಅರಬೈಲಿಗೆ ಮಾತ್ರವಲ್ಲ, ಚಾರ್ಮಾಡಿ, ಶಿರಾಡಿ, ಆಗುಂಬೆ ಮೊದಲಾಗಿ ಸಹ್ಯಾದ್ರಿಯನ್ನು ಏರುವ ನಮ್ಮ ನಾಡಿನ ಎಲ್ಲ ದಾರಿಗಳಿಗೂ ಈ ಮಾತು ಸಲ್ಲುತ್ತದೆ.

ಎರಡನೆಯ ಸಲಹೆ. ಕೇಂದ್ರಗಳಿಗೆ ಹೊಸ ಜಾಗವನ್ನು ಹುಡುಕುವ ಮೊದಲು ನಮ್ಮ ಬಸ್ ನಿಲ್ದಾಣಗಳತ್ತ ನೋಡಬಾರದೇಕೆ? ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಗೋಕುಲ ರಸ್ತೆಯಲ್ಲಿಯೇ ಇದೆ. ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳ ಬಸ್ಸುಗಳೂ ಅದರ ಆಡಳಿತದಲ್ಲಿವೆ. ಬಸ್ ನಿಲ್ದಾಣವೆಂದರೆ ಬೆಳಕು, ನೀರು, ಜನಸಂಚಾರ, ಚಹಾದಂಗಡಿ ಇರುವ ಸ್ಥಳ. ರಾತ್ರಿಯ ಹೊತ್ತು ಹೆಂಗಸರೂ ಮಕ್ಕಳೂ ಅರ್ಧ ಗಂಟೆ ಕಾಯಬೇಕಾದಲ್ಲಿ ಇವು ಚಾರ್ಜರಿನಷ್ಟೇ ಅವಶ್ಯಕ. ಮುಂದೆ ವಿದ್ಯುತ್ ಬಸ್ಸುಗಳು ಹೆಚ್ಚಾದಾಗ ಅಲ್ಲಿಗೆ ಹೇಗೂ ಬಲವಾದ ತಂತಿಯನ್ನು ಎಳೆಯಬೇಕಾಗುತ್ತದೆ. ಮೂರನೆಯದಾಗಿ, ಪ್ರತಿ ಕೇಂದ್ರದಲ್ಲಿಯೂ ದೊಡ್ಡ ಅಕ್ಷರದಲ್ಲಿ ಕನ್ನಡದ ಫಲಕವೊಂದು ಇರಬೇಕು: ಈ ಚಾರ್ಜರಿನ ಸಾಮರ್ಥ್ಯ ಇಷ್ಟು ಕಿಲೋವ್ಯಾಟ್, ಜೋಡಣೆ ಇಂಥದು, ಮುಂದಿನ ಕೇಂದ್ರ ಇಷ್ಟು ದೂರ, ಅಲ್ಲಿಗೆ ಏರಿಕೆ ಇಷ್ಟು ಮೀಟರ್. ಕೊನೆಯದನ್ನು ಬರೆಯಲು ಖರ್ಚಿಲ್ಲ. ಬರೆಯದಿದ್ದರೆ ತೆರಬೇಕಾದ ಖರ್ಚನ್ನು ಮೇಲೆ ನೋಡಿದ್ದೇವೆ. ಬೆಳಗಾವಿಯ ದಾರಿಗೂ ಅಂಕೋಲೆಯ ದಾರಿಗೂ ವಿದ್ಯುತ್ ಒದಗಿಸುವುದು ಒಂದೇ ಕಂಪನಿ, ಹುಬ್ಬಳ್ಳಿಯ ಹೆಸ್ಕಾಂ. ಆದುದರಿಂದ ಈ ಎರಡು ದಾರಿಗಳನ್ನು ಯೂನಿಟ್ಟಿನ ಲೆಕ್ಕದಲ್ಲಿ ಯೋಜಿಸಿ ನಾಡಿಗೆ ಮಾದರಿಯಾಗಿ ತೋರಿಸುವುದು ಅಸಾಧ್ಯವೇನಲ್ಲ. 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಬೀದಿಗಿಳಿಸಿದ್ದು ನಮ್ಮ ಬೆಂಗಳೂರು. 2017ರಲ್ಲಿ ದೇಶದ ರಾಜ್ಯಗಳಲ್ಲಿ ಮೊದಲನೆಯದಾಗಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ್ದು ನಮ್ಮ ಕರ್ನಾಟಕ. ಈ ಕೆಲಸದಲ್ಲಿಯೂ ಮುಂದಾಗಬಾರದೆಂದು ಯಾರು ಹೇಳಿಯಾರು?

ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕೆಂದು ನಮ್ಮ ಆಸೆ. ಬ್ಯಾಟರಿಯಲ್ಲಿರುವ ಯೂನಿಟ್ ಎಲ್ಲಿಂದಲೋ ಬಂದಿರಬೇಕು. ಅಂಕೋಲೆಯ ದಾರಿಗೆ ನೆರೆಯಲ್ಲಿಯೇ ಕಾಳೀ ನದಿ ಸಹ್ಯಾದ್ರಿಯಿಂದ ಇಳಿದು ಕಾರವಾರದ ಬಳಿ ಕಡಲನ್ನು ಸೇರುತ್ತದೆ. ಸೂಪಾದ ಅಣೆಕಟ್ಟು, ನಾಗಝರಿಯ ವಿದ್ಯುದಾಗಾರಗಳು ಅದರ ಇಳಿತವನ್ನೇ ವಿದ್ಯುತ್ತಾಗಿ ಮಾಡುತ್ತವೆ. ಉತ್ಪಾದನೆಯಿಂದ ಚಕ್ರದವರೆಗೆ ದಾರಿಯಲ್ಲಿ ನೂರಕ್ಕೆ ನಲವತ್ತು ನಷ್ಟವಾಗುತ್ತದೆಂದು ಹಿಡಿದರೆ, ನಮ್ಮ ಕಾರೊಂದನ್ನು 650 ಮೀಟರ್ ಮೇಲಕ್ಕೆತ್ತಲು ಸುಮಾರು 2,800 ಲೀಟರ್ ನೀರು ಅಷ್ಟೇ ಎತ್ತರದಿಂದ ಕೆಳಗಿಳಿಯಬೇಕು. ಕಾರು ಘಟ್ಟವನ್ನೇರುವುದೆಂದರೆ ಎಲ್ಲಿಯೋ ನೀರು ಘಟ್ಟವನ್ನಿಳಿದಂತೆ, ಇಲ್ಲವೆ ಎಲ್ಲಿಯೋ ಕಲ್ಲಿದ್ದಲು ಉರಿದಂತೆ, ಅಥವಾ ಸೌರಫಲಕದ ಮೇಲೆ ಬಿಸಿಲು ಬಿದ್ದಂತೆ. ಹಗಲಿನ ಬಿಸಿಲು ದಂಡಿಯಾಗಿರುವ ನಮ್ಮ ಸೀಮೆಯಲ್ಲಿ, ಊರ ಹೊರಗೆ ನಿಂತ ಕಾರನ್ನು ಎಲ್ಲರೂ ದೀಪ ಹಚ್ಚುವ ಸಂಜೆಯಲ್ಲಿ ಚಾರ್ಜ್ ಮಾಡುವುದಕ್ಕಿಂತ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾಡುವುದು ಲೇಸು.

ಕೊನೆಗೆ ಒಂದು ಅಭ್ಯಾಸ. ನಿಮ್ಮ ಊರಿನಿಂದ ನೂರು ಕಿಲೋಮೀಟರಿನೊಳಗಿನ ಒಂದು ಊರನ್ನು ಆರಿಸಿಕೊಳ್ಳಿರಿ. ಎರಡು ಊರುಗಳ ಎತ್ತರವನ್ನೂ ನಡುವೆ ಇರುವ ಅತಿ ಎತ್ತರದ, ಅತಿ ತಗ್ಗಿನ ಸ್ಥಳಗಳನ್ನೂ ನಕ್ಷೆಯಿಂದ ತಿಳಿದುಕೊಳ್ಳಿರಿ. ಉರುಳುವ ಘರ್ಷಣೆಗೆ ಎಷ್ಟು, ಗಾಳಿಗೆ ಎಷ್ಟು, ಏರಿಗೆ ಎಷ್ಟು ಎಂದು ಮೂರು ಸಾಲು ಬರೆದು ಕೂಡಿಸಿರಿ. ಹಿಂದಿರುಗುವ ದಾರಿಗೆ ಬೇರೆಯಾಗಿ ಬರೆಯಿರಿ. ಮನೆಯಲ್ಲಿ ವಿದ್ಯುತ್ ಕಾರು ಇಲ್ಲದಿದ್ದರೂ ಚಿಂತೆಯಿಲ್ಲ. ಕಾಗದ, ಪೆನ್ಸಿಲು ಇದ್ದರೆ ಸಾಕು. ಘರ್ಷಣೆ, ಕೆಲಸ, ಸ್ಥಿತಿಶಕ್ತಿ ಎಂಬ ಮಾತುಗಳನ್ನು ಪರೀಕ್ಷೆಗಾಗಿ ಕಲಿತು ಪರೀಕ್ಷೆಯೊಡನೆ ಮರೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅವೇ ಮಾತುಗಳು ಒಂದು ಸಂಸಾರವನ್ನು ರಾತ್ರಿ ಸುಖವಾಗಿ ಮನೆ ಮುಟ್ಟಿಸಬಲ್ಲವು. ಹೆದ್ದಾರಿಯಲ್ಲಿ ಚಾರ್ಜಿಂಗ್ ಕೇಂದ್ರ ಎಲ್ಲಿರಬೇಕೆಂದು ಅಧಿಕಾರಿಗಳೊಡನೆ ವಾದಿಸುವ ಧೈರ್ಯವನ್ನೂ ನಾಗರಿಕನಿಗೆ ಕೊಡಬಲ್ಲವು. ಮುಂದಿನ ಸಲ ಯಾರಾದರೂ “ಎಷ್ಟು ಕಿಲೋಮೀಟರ್ ಓಡುತ್ತದೆ?” ಎಂದು ಕೇಳಿದರೆ, “ಯಾವ ಊರಿಗೆ ಹೋಗಬೇಕಾಗಿದೆ?” ಎಂದು ಮರುಪ್ರಶ್ನೆ ಹಾಕಿರಿ.